ಕೋಟೆಗೆ ಇಬ್ಬರು

ನಗಬಾರದ ಹೊತ್ತಿನಲ್ಲಿ ನಗು ಬರಿಸುವ ಸಂಗತಿಗಳು ನನಗೆ ಆಗುತ್ತಲೇ ಇರುತ್ತವೆ. ಕೊರೊನಾದ ಆ ಎರಡು ವರ್ಷಗಳಲ್ಲಂತೂ ಬೇರೆ ಹೊತ್ತೇ ಇರಲಿಲ್ಲ. ನಾನು ಮಲೇಷ್ಯಾದ ಪೆಟಾಲಿಂಗ್ ಜಯಾದ ಒಂದು ಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

೧. ಸೊಪ್ಪು

ಸ್ಪೇನಿನಲ್ಲಿ ಮೆಡಿಟರೇನಿಯನ್ ದಂಡೆಯ ಒಂದು ಊರನ್ನು ನೋಡಬೇಕೆಂಬುದು ನಮ್ಮ ಯಜಮಾನರ ಬಹಳ ದಿನದ ಆಸೆ. ಭಾರತೀಯರ ಅಂಗಡಿಗಳೇ ತುಂಬಿರುವ ಬ್ರಿಕ್‌ಫೀಲ್ಡ್ಸ್‌ನ ಟ್ರಾವೆಲ್ ಏಜೆಂಟ್, ಬೆಂಗಳೂರಿನವನೇ, ಮೇಜಿನ ಮೇಲೆ ಚಿತ್ರಗಳನ್ನು ಹರಡಿದ. ಅರ್ಧ ಬೀಚು, ಅರ್ಧ ಗಾಲ್ಫ್ ಮೈದಾನ.

"ಇವೆರಡೂ ಬೇಡಪ್ಪ. ನನಗೆ ಈಜು ಬರಲ್ಲ, ಇವಳಿಗೆ ಬಿಸಿಲು ಆಗಲ್ಲ," ಎಂದು ಇವರು ಜೇಬಿನಿಂದ ತಮ್ಮ ಪಟ್ಟಿ ತೆಗೆದರು. ಕಿತ್ತಳೆ ಮರಗಳ ಚೌಕ, ಹಳೆಯ ಚರ್ಚು, ತರಕಾರಿ ಮಾರುಕಟ್ಟೆ, ಗುಡ್ಡದ ಮೇಲಿನ ಕೋಟೆ. "ಅಲ್ಲಿನ ಜನ ದಿನಾ ಎಲ್ಲಿ ಓಡಾಡ್ತಾರೋ ಅದನ್ನ ನೋಡಬೇಕು."

ಏಜೆಂಟ್ ಕಿಟಕಿಯಾಚೆಯ ತರಕಾರಿ ಅಂಗಡಿಗೆ ಕೈ ತೋರಿಸಿದ. "ಸಾರ್, ಸೊಪ್ಪು ನೋಡೋಕೆ ಸ್ಪೇನ್ ಯಾಕೆ ಸಾರ್? ಎದುರುಗಡೇನೇ ಇದೆಯಲ್ಲ."

ಟಿಕೆಟ್ ಕೊಟ್ಟ. ಹೊರಡುವ ಹೊತ್ತಿಗೆ ಗಡಿಗಳು ಮುಚ್ಚಿದವು.

೨. ಒಂದು ಮೀಟರ್

ನಮ್ಮದು ಒಂಬತ್ತು ಮಹಡಿಯ ಕಟ್ಟಡ, ನಾವು ಎರಡನೆಯದರಲ್ಲಿ. ಲಾಕ್‌ಡೌನ್ ಸಡಿಲವಾಗಿ ಮನೆಯಿಂದ ಇಬ್ಬರು ಒಟ್ಟಿಗೆ ಹೊರಗೆ ಹೋಗಬಹುದೆಂದು ಆದ ಮೇಲೆ, ಕೆಳಗೆ ನೇಪಾಳಿ ಕಾವಲುಗಾರ ಜ್ವರ ನೋಡುವ ಗನ್ ಹಿಡಿದು ಕಾಯುತ್ತಿದ್ದ. ಇವರು ಆರಡಿ ಎರಡಂಗುಲ, ಅವನು ಕುಳ್ಳ. ಅವನು ತುದಿಗಾಲಲ್ಲಿ ಏಳುವುದೂ ಇವರು ಬಾಗುವುದೂ ಒಟ್ಟಿಗೇ ಆಗಿ, ಗನ್ ಸೀದಾ ಇವರ ಹಣೆಗೆ ಬಡಿಯುತ್ತಿತ್ತು.

ಆಮೇಲೆ ನಮ್ಮಿಬ್ಬರನ್ನೂ ಬೇರೆ ಮಾಡುತ್ತಿದ್ದ. "ಒಂದು ಮೀಟರ್ ದೂರ!"

"ಇಪ್ಪತ್ತೆಂಟು ವರ್ಷದಿಂದ ಒಂದೇ ಮನೇಲಿದೀವಿ ಕಣಯ್ಯಾ."

"ಮನೆ ಒಳಗೆ ನನ್ನ ಡ್ಯೂಟಿ ಇಲ್ಲ ಸರ್."

೩. ಹಜಾರದಲ್ಲಿ ಸ್ಪೇನ್

ಇವರು ಪಟ್ಟಿಯನ್ನು ಬಿಡಲಿಲ್ಲ. ಆ ಊರಿನ ನಕ್ಷೆ ಹಾಸಿ ಸ್ಕೇಲಿನಿಂದ ಅಳೆದರು. ನಮ್ಮ ಹಜಾರ ನನ್ನ ಹದಿನೆಂಟು ಹೆಜ್ಜೆ, ಅವರ ಹದಿನಾಲ್ಕು. ಇಪ್ಪತ್ತು ಸಲ ನಡೆದರೆ ಚೌಕದಿಂದ ಚರ್ಚು ಬರುತ್ತಿತ್ತು. ಷೂ ಹಾಕಿ, ಟೋಪಿ ಇಟ್ಟು, ಹೆಗಲಿಗೆ ಚೀಲ ಏರಿಸಿ ನಡೆಯುತ್ತಿದ್ದರು. ಚೀಲದಲ್ಲಿ ಚಟ್ನಿಪುಡಿಯ ಡಬ್ಬಿ. ಪರದೇಶವಲ್ಲವೇ?

ನಾನು ಅದೇ ಹಜಾರದಲ್ಲಿ ಕೂತು ಆನ್‌ಲೈನ್ ಪಾಠ ಮಾಡುತ್ತಿದ್ದೆ. ಒಬ್ಬ ಹುಡುಗ ಕೇಳಿಯೇಬಿಟ್ಟ. "ಟೀಚರ್, ನಿಮ್ಮ ಹಿಂದೆ ಅಂಕಲ್ ಎಲ್ಲಿಗೆ ಹೋಗ್ತಿದ್ದಾರೆ?"

"ಸ್ಪೇನಿನ ಮಾರುಕಟ್ಟೆಗೆ," ಎಂದೆ. ಸುಳ್ಳು ಹೇಳಿ ಅಭ್ಯಾಸವಿಲ್ಲ.

ಆಗ ಮನೆಯಿಂದ ಹತ್ತು ಕಿಲೋಮೀಟರ್ ಆಚೆ ಯಾರೂ ಹೋಗುವಂತಿರಲಿಲ್ಲ. ಹುಡುಗ ಗಾಬರಿಯಾಗಿ, ಮಾತಿಗೆಲ್ಲ 'ಲಾ' ಸೇರಿಸುವ ಇಲ್ಲಿನವರ ರೀತಿಯಲ್ಲೇ ಕೂಗಿದ. "ಪೊಲೀಸ್ ಹಿಡೀತಾರೆ ಲಾ, ಟೀಚರ್!"

ಕೊನೆಗೆ ಕೋಟೆಯೊಂದೇ ಉಳಿಯಿತು. ಅದಕ್ಕೆ ಎತ್ತರ ಬೇಕು, ಮೆಟ್ಟಿಲು ಹತ್ತಿ ತಾರಸಿಗೇ ಹೋಗಬೇಕು. ತಾರಸಿಗೆ ಬೀಗ ಬಿದ್ದಿತ್ತು. ಇವರು ಕ್ಯಾಮೆರಾದೊಳಗೆ ತಲೆ ತೂರಿಸಿ ಇಡೀ ತರಗತಿಗೆ ಘೋಷಿಸಿದರು. "ಬೀಗ ತೆಗೆದ ದಿನ ಕೋಟೆ. ನಾನೂ ನಿಮ್ಮ ಟೀಚರಮ್ಮನೂ ಒಟ್ಟಿಗೇ ಹೋಗೋದು. ಒಬ್ಬರೇ ಹೋದರೆ ಲೆಕ್ಕಕ್ಕಿಲ್ಲ."

೪. ಸರಿಯುತ್ತರ

ಮರುವರ್ಷ ಇವರನ್ನು ಆಂಬ್ಯುಲೆನ್ಸಿನಲ್ಲಿ ಕರೆದೊಯ್ದರು. ಹನ್ನೊಂದನೆಯ ದಿನ ಫೋನ್ ಬಂತು. ಮುಖ ನೋಡಲು ಬಿಡಲಿಲ್ಲ.

ಎರಡು ವಾರದ ನಂತರ ಪಾಠಕ್ಕೆ ಕೂತೆ. ಹಿಂದೆ ಹಜಾರ ಖಾಲಿಯಿತ್ತು. ಮಕ್ಕಳಿಗೆ ಸುದ್ದಿ ತಿಳಿದಿತ್ತು, ಆದರೂ ಅದೇ ಹುಡುಗ ಮೆಲ್ಲಗೆ ಕೇಳಿದ. "ಟೀಚರ್, ಅಂಕಲ್ ಕೋಟೆಗೆ ಹೋದರಾ?"

ಇನ್ನೊಬ್ಬಳು ಅವನನ್ನು ಗದರಿದಳು. "ಇಲ್ಲ. ಟೀಚರ್ ಇನ್ನೂ ಇಲ್ಲೇ ಇದ್ದಾರಲ್ಲ? ಒಟ್ಟಿಗೇ ಹೋಗೋದು ಅಂದಿದ್ದರು."

ಆ ಹುಡುಗಿ ಭೂಗೋಳದಲ್ಲಿ ಯಾವಾಗಲೂ ಫೇಲು. ಆ ದಿನ ತರಗತಿಯಲ್ಲಿ ಸರಿಯುತ್ತರ ಗೊತ್ತಿದ್ದದ್ದು ಅವಳೊಬ್ಬಳಿಗೇ. ನನಗೂ ಗೊತ್ತಿರಲಿಲ್ಲ.

೫. ಕೋಟೆ

ತಾರಸಿಯ ಬೀಗ ತೆಗೆದ ದಿನ ಇವರ ಚೀಲ ಹೆಗಲಿಗೇರಿಸಿ ಕೆಳಗಿಳಿದೆ. ಡಬ್ಬಿ ಅದರಲ್ಲೇ ಇತ್ತು. ಹತ್ತುವುದಾದರೆ ಬುಡದಿಂದಲೇ ಹತ್ತಬೇಕು.

ಮೆಟ್ಟಿಲ ಬಳಿ ಕಾವಲುಗಾರ ರಿಜಿಸ್ಟರ್ ಮುಂದಿಟ್ಟ. ಹೆಸರು, ಮನೆ ಸಂಖ್ಯೆ ಬರೆದೆ. ಎಷ್ಟು ಜನ ಎಂಬಲ್ಲಿ ಅಭ್ಯಾಸಬಲದಿಂದ 'ಎರಡು' ಎಂದು ಬರೆದುಬಿಟ್ಟೆ. ಪುಸ್ತಕದಲ್ಲಿ ಚಿತ್ತು ಮಾಡಬೇಡಿ ಎಂದು ಇಪ್ಪತ್ತಾರು ವರ್ಷ ಮಕ್ಕಳಿಗೆ ಹೇಳಿದವಳು ನಾನು. ಹೊಡೆದು ಹಾಕಲು ಕೈ ಬರಲಿಲ್ಲ.

ಅವನು ಓದಿದ. ನನ್ನ ಮುಖ ನೋಡಿದ. ನನ್ನ ಹಣೆಗೆ ಗನ್ ಹಿಡಿದು "ಓಕೆ" ಎಂದ. ಆಮೇಲೆ ತುದಿಗಾಲಲ್ಲಿ ಎದ್ದು, ನನ್ನ ಪಕ್ಕದ ಖಾಲಿ ಜಾಗಕ್ಕೆ, ಆರಡಿ ಎತ್ತರಕ್ಕೆ, ಗನ್ ಹಿಡಿದ. ಅದು ಕುಂಯ್‌ಗುಟ್ಟಿತು. ಅಂಕಿ ಬರಲಿಲ್ಲ. ಅವನು ಗನ್ನನ್ನು ಅಂಗೈಗೆ ಎರಡು ಸಲ ಕುಟ್ಟಿದ.

"ಮಿಷಿನ್ ಸರಿ ಇಲ್ಲ ಮೇಡಂ. ಸರ್ ಓಕೆ. ಹೋಗಿ."

ನಾಲ್ಕು ಮೆಟ್ಟಿಲು ಹತ್ತಿರಬೇಕು, ಕೆಳಗಿನಿಂದ ಕೂಗಿದ. "ಮೇಡಂ! ಒಂದು ಮೀಟರ್!"

ನಾನು ಗೋಡೆಯ ಪಕ್ಕಕ್ಕೆ ಸರಿದು ಹತ್ತಿದೆ.