ಕಾಣೆಯಾದ ನಾಲ್ಕು ಮಿಲಿ

ಐವತ್ತು ಮಿಲಿ ನೀರು, ಐವತ್ತು ಮಿಲಿ ಸ್ಪಿರಿಟ್; ಬೆರೆಸಿದರೆ ತೊಂಬತ್ತಾರು. ಈ ನಾಲ್ಕರ ಕೊರತೆಯೇ ಸಂಶೋಧನಾ ವಿದ್ಯಾರ್ಥಿನಿಯಾದ ಅವಳ ಪ್ರಬಂಧದ ಜೀವ. ಅದಕ್ಕೆ ಪ್ರೊಫೆಸರರ ಸಹಿ ಬೀಳಲು ಇವತ್ತೇ ಕಡೆಯ ದಿನ. ಅಂಥ ದಿನವೇ ಸ್ಟೋರ್‌ಕೀಪರ್ ಅವಳ ಅಳತೆ ಜಾಡಿಯೊಳಗೆ ಇಣುಕಿಬಿಟ್ಟ.

"ಮಿಕ್ಕಿದ್ದು ಎಲ್ಲಮ್ಮಾ?"

ಪ್ರಯೋಗಾಲಯದಲ್ಲಿ ಅವಳಿಗೆ 'ಪಿಸುಮಾತು' ಎಂದೇ ಹೆಸರು. ಕೋಣೆಗೆ ಬೆಂಕಿ ಬಿದ್ದರೂ ಪಕ್ಕದವರ ಕಿವಿಯಲ್ಲಿ ಹೇಳುವ ಪೈಕಿ. "ಅಣುಗಳು... ಒಂದರ ಸಂದೀಲಿ ಇನ್ನೊಂದು ಕೂತ್ಕೊಳ್ಳುತ್ತೆ. ಒಂದನ್ನೊಂದು ಹತ್ತಿರ ಎಳ್ಕೊಳ್ಳುತ್ತೆ. ಅದಕ್ಕೇ ಕಮ್ಮಿ ಆಗೋದು."

"ಹತ್ತಿರ ಬಂದ್ರೆ ಕಮ್ಮಿ ಆಗ್ತಾರಾ? ನಾನೂ ನನ್ನ ಹೆಂಡ್ತೀನೂ ಮದುವೆ ಆದಾಗಿಂದ ಅಗಲ ಆಗ್ತಾನೇ ಇದೀವಿ!"

ಪಕ್ಕದ ಕೋಣೆಯ ಹಿರಿಯ ಸಂಶೋಧಕಿ ಓಡಿಬಂದು, ಹಲ್ಲಿನ ಡಾಕ್ಟರಂತೆ ಅವಳ ಗಲ್ಲ ಹಿಡಿದಳು. "ಎಲ್ಲಿ, ಊದೇ ನೋಡೋಣ. ಅಕ್ಕನ ಹತ್ರ ಮುಚ್ಚಿಡಬೇಡ."

"ನಾನು ಕುಡಿದಿಲ್ಲಕ್ಕಾ..."

"ಕುಡಿದೋರೂ ಹೀಗೇ ಹೇಳೋದು!"

ಕಸ ಗುಡಿಸುವಾಕೆ ಪೊರಕೆ ಊರಿಕೊಂಡು ನಿಂತಳು. "ಅಯ್ಯೋ, ಪಾಪ, ಬಾಯೇ ಬಿಡಲ್ಲ ಅನ್ಕೊಂಡಿದ್ದೆ. ಯಾಕೆ ಬಿಡಲ್ಲ ಅಂತ ಈಗ ಗೊತ್ತಾಯ್ತು!"

ಗದ್ದಲ ಕೇಳಿ ಪ್ರೊಫೆಸರ್ ಬಂದರು. ಅವಳಿಗೆ ಹೋದ ಜೀವ ಬಂದಂತಾಯಿತು. ಈ ಪಾಠ ಕಲಿಸಿದವರೇ ಅವರು.

"ಇಷ್ಟೂ ಗೊತ್ತಿಲ್ವೇನ್ರೀ ನಿಮಗೆ? ಇವರ ಮುಂದೇನೇ ಬೆರೆಸಿ ತೋರಿಸಮ್ಮ," ಎಂದು ಗದರಿದರು.

"ಸ್ಟೋರಲ್ಲಿ ಸ್ಪಿರಿಟ್ ಮುಗೀತು ಸಾರ್," ಎಂದ ಸ್ಟೋರ್‌ಕೀಪರ್. "ನಿಮ್ಮ ಕಪಾಟಲ್ಲಿ ಒಂದು ಬಾಟ್ಲಿ ಇದೆಯಲ್ಲ. ಕೀನೂ ನಿಮ್ಮ ಹತ್ರಾನೇ ಇರೋದು."

ಪ್ರೊಫೆಸರ್ ಕೆಮ್ಮಿದರು. "ಅದಾ... ಹಳೇದು. ನಾಳೆ ನೋಡೋಣ ಬಿಡಿ."

"ಇವತ್ತೇ ಆಗ್ಬೇಕು ಸಾರ್!"

ಇದು ಯಾರ ದನಿಯೆಂದು ಎಲ್ಲರೂ ತಿರುಗಿದರು. ಪಿಸುಮಾತಿನದೇ!

ವಿಧಿಯಿಲ್ಲದೆ ಬಾಟಲಿ ಬಂತು. ಅವಳು ಐವತ್ತು, ಐವತ್ತು ಅಳೆದು ಬೆರೆಸಿದಳು. ತೊಟ್ಟಿಲ ಕೂಸನ್ನು ನೋಡಲು ಬಂದ ನೆಂಟರಂತೆ ನಾಲ್ಕು ತಲೆಗಳು ಜಾಡಿಯ ಮೇಲೆ ಬಾಗಿದವು.

ನೂರು. ಒಂದು ಹನಿಯೂ ಕಮ್ಮಿಯಿಲ್ಲ.

ಅವಳು ಬಾಟಲಿಯನ್ನು ಮೂಸಿದಳು. ಬರೀ ನೀರು. ಮೆಲ್ಲಗೆ ತಲೆಯೆತ್ತಿ ಪ್ರೊಫೆಸರರ ಮುಖ ನೋಡಿದಳು. ಅವರು ತಿರುಗದ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ನೋಡಿದ್ರಾ ಸಾರ್? ನಾನು ಬಡ್ಕೊಂಡೆ!" ಎಂದ ಸ್ಟೋರ್‌ಕೀಪರ್.

"ಹೂಂ," ಎಂದರು ಪ್ರೊಫೆಸರ್, ಪೆನ್ನನ್ನು ಜೇಬಿಗಿಳಿಸುತ್ತ. "ಐವತ್ತೂ ಐವತ್ತೂ ನೂರು ತಾನೇ? ನಿನ್ನ ಅಳತೇಲೇ ಏನೋ ತಪ್ಪಾಗಿದೆಯಮ್ಮ. ಮೊದಲಿಂದ ಮಾಡು."