ಹುಬ್ಬುಗಂಟಿನ ಬಾಳಿಕೆ

ಹಣೆ ಗಂಟಿಕ್ಕಿದಾಗ ನನ್ನ ಹುಬ್ಬುಗಳ ನಡುವೆ ಎರಡು ಗೆರೆಗಳು ಮೂಡುತ್ತವೆ. ಎಡಗಡೆಯದು ಬಲಗಡೆಯದಕ್ಕಿಂತ ಎರಡು ಮಿಲಿಮೀಟರು ಉದ್ದ. ಅಳೆದದ್ದನ್ನು ಯಾರಿಗೂ ಹೇಳಿಲ್ಲ. ಶಹಾಪುರದ ಹತ್ತಿರ ಕಾಲುವೆ ಕಚೇರಿಯೊಂದರಲ್ಲಿ ರೈತರ ನೀರಿನ ಪಾಳಿ ಬರೆದುಕೊಳ್ಳುವ ಗುಮಾಸ್ತೆ ನಾನು. ಅಳೆಯದೆ ಯಾವುದನ್ನೂ ನಂಬುವುದಿಲ್ಲ. ಗಮನವಿಟ್ಟು ಬರೆಯುವಾಗ ಹಣೆ ತಾನಾಗಿಯೇ ಗಂಟಿಕ್ಕಿಕೊಳ್ಳುತ್ತದೆ. ಎಂ.ಎ. ಓದಿದರೂ ಅದನ್ನು ಬಿಡಿಸುವುದು ಮಾತ್ರ ಕಲಿಯಲಾಗಲಿಲ್ಲ. ಸುರಪುರದಿಂದ ನನ್ನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು ಹೋಗಿ, "ಹುಡುಗಿ ಚಲೋ ಅದಾಳ, ಆದ್ರ ಸಿಟ್ಟಿನಾಕಿ ಕಾಣ್ತಾಳ" ಎಂದು ಹೇಳಿ ಕಳಿಸಿದರು. ಅಂದು ನನಗಿದ್ದದ್ದು ಸಿಟ್ಟಲ್ಲ, ನಾಚಿಕೆ. ಹಣೆಗೆ ಆ ವ್ಯತ್ಯಾಸ ಗೊತ್ತಿಲ್ಲ.

ಹಣೆ, ಹುಬ್ಬುಗಳನ್ನು ಎತ್ತಿ ನುಣುಪು ಮಾಡುವ ಆಪರೇಷನ್ ಇದೆಯೆಂದು ಓದಿ, ಕಲಬುರಗಿಯ ಡಾಕ್ಟರೊಬ್ಬರ ಬಳಿ ಹೋದೆ. "ಪಳಗಿದ ಕೈಯಾಗ ಅಪಾಯ ಕಡಿಮಿರಿ," ಎಂದರು ಅವರು. "ಆದ್ರ ಹಣಿ ಜೋಮು ಹಿಡೀಬಹುದು, ಗಾಯದ ಕಲಿ ಉಳೀಬಹುದು, ಒಂದು ಹುಬ್ಬು ತುಸು ಮ್ಯಾಲ ನಿಲ್ಲಬಹುದು. ಕೆಲವು ವರ್ಷ ಬಾಳಿಕಿ ಬರ್ತದ, ಕಾಯಂ ಅಲ್ಲ. ವಿಚಾರ ಮಾಡಿ ನಾಳಿದ್ದು ಬೆಳಿಗ್ಗಿ ಫೋನ್ ಮಾಡ್ರಿ."

ಒಂದು ಹುಬ್ಬು ಮೇಲೆ ನಿಂತರೆ, ಎದುರಿಗೆ ಬಂದ ಪ್ರತಿಯೊಬ್ಬರನ್ನೂ "ಹೌದೇನು?" ಎಂದು ಸಂಶಯದಿಂದ ಕೇಳಿದಂತಾಗುತ್ತದಲ್ಲ ಎಂದು ಬಸ್ಸಿನಲ್ಲಿ ಚಿಂತೆಯಾಯಿತು. ಮನೆಗೆ ಬಂದು ಹೇಳಿದರೆ ಅವ್ವ ಬಾಳಿಕೆಯ ಮಾತನ್ನಷ್ಟೇ ಹಿಡಿದಳು. "ಮನಿ ಗ್ವಾಡಿ ಗಿಲಾವೇ ನಾಕು ಬ್ಯಾಸಗಿಗಿ ಬಿರುಕು ಬಿಡ್ತದ. ನಿನ್ನ ಹಣಿಗಿ ಗ್ಯಾರಂಟಿ ಕಾರ್ಡ್ ಕೊಡ್ತಾರೇನು ಬೇ?"

ಆದರೂ ಹೂಂ ಎನ್ನುವುದೆಂದೇ ನಿರ್ಧರಿಸಿದ್ದೆ. ಮರುದಿನ ದೇವಾಪುರದ ಮಲ್ಲಮ್ಮ, ಪಕ್ಕದ ಹೊಲದವರ ಹೊಸ ಸೊಸೆಯನ್ನು ಪಾಳಿ ಬರೆಸಲು ಕರೆದುಕೊಂಡು ಕಚೇರಿಗೆ ಬಂದಳು. ಸೊಸೆ ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತಳು.

"ಬಾರವ್ವ, ಮೇಡಂ ಕಚ್ಚಂಗಿಲ್ಲ," ಎಂದಳು ಮಲ್ಲಮ್ಮ. "ನಕ್ಕೋತ 'ನೀರು ಬರ್ತದ ಹೋಗ್ರಿ' ಅಂದವರನ್ನ ಭಾಳ ಮಂದೀನ ನೋಡೀನಿ. ಇವರು ಹಣಿ ಗಂಟು ಹಾಕ್ಕೊಂಡು ಬರಕೊಂಡ್ರಂದ್ರ ಪಾಳಿ ತಪ್ಪಂಗಿಲ್ಲ. ಗಂಟು ಬಿಚ್ಚಿದ ದಿನ ನಾವು ಹೆದರಬೇಕು."

ನಾನು ತಲೆ ಎತ್ತದೆ ಬರೆದೆ. ಅಷ್ಟು ಅಂದವಾಗಿ ಹಿಂದೆಂದೂ ಬರೆದಿರಲಿಲ್ಲ.

ಮರುದಿನ ಬೆಳಿಗ್ಗೆ ತಲೆ ಬಾಚುತ್ತಲೇ ಡಾಕ್ಟರಿಗೆ ಫೋನ್ ಮಾಡಿ, ರಜೆ ಸಿಗಲಿಲ್ಲ, ಬರಲಾಗುವುದಿಲ್ಲ ಎಂದೆ. ನಾನು ರಜೆ ಕೇಳಿಯೇ ಇರಲಿಲ್ಲ. ಆ ಸುಳ್ಳು ಹೇಳುವಷ್ಟು ಹೊತ್ತೂ ಕನ್ನಡಿಯಲ್ಲಿ ನನ್ನ ಹಣೆ ನುಣ್ಣಗಿತ್ತು. ಒಂದು ಗೆರೆಯೂ ಇರಲಿಲ್ಲ.