ಗುರುವಾರಕ್ಕೆ ಮೊದಲೇ ತೊಳೆದ ಕಾಲು

ಮನುಷ್ಯ ತನ್ನ ಮುಖವನ್ನು ದಿನಕ್ಕೆ ಹತ್ತು ಸಲ ನೋಡಿಕೊಳ್ಳುತ್ತಾನೆ. ಕಾಲನ್ನು ನೋಡಿಕೊಳ್ಳುವುದು ಮುಳ್ಳು ಚುಚ್ಚಿದಾಗ ಮಾತ್ರ. ನನಗಂತೂ ಮುಳ್ಳು ಚುಚ್ಚಿದರೂ ನೋಡಿಕೊಳ್ಳುವ ಭಾಗ್ಯ ಬಹಳ ವರ್ಷಗಳಿಂದ ತಪ್ಪಿಹೋಗಿದೆ. ನಡುವೆ ಹೊಟ್ಟೆ ಇದೆ. ಈ ಹೊಟ್ಟೆಗೂ ನಮ್ಮ ತಪಸ್ಸುಕಾಲಕ್ಕೂ ಸಂಬಂಧವಿದೆ ಎಂದರೆ ನೀವು ನಗಬಹುದು. ನಗಿ, ಆದರೆ ಪೂರ್ತಿ ಕೇಳಿ.

ನಾನು ತಲ್ಲೂರಿನ ನಿವೃತ್ತ ಮಾಸ್ತರ, ಕ್ರೈಸ್ತ. ಈಸ್ಟರ್ ಹಬ್ಬಕ್ಕೆ ಮೊದಲಿನ ನಲವತ್ತು ದಿನ ನಮಗೆ ಉಪವಾಸ, ಪಶ್ಚಾತ್ತಾಪಗಳ ಕಾಲ. ಅದು ಶುರುವಾಗುವ ಬುಧವಾರ ಪಾದ್ರಿಗಳು ನಮ್ಮ ಹಣೆಗೆ ಬೂದಿ ಹಚ್ಚಿ, ನೀನು ಮಣ್ಣು, ಮಣ್ಣಿಗೇ ಮರಳುವೆ ಎಂದು ನೆನಪಿಸುತ್ತಾರೆ. ಎಷ್ಟು ವರ್ಷ ಕೇಳಿದರೂ ಆ ಮಾತಿಗೆ ನನಗೆ ಅಳುಕಾಗುತ್ತದೆ. ಹೋದವರೆಲ್ಲ ನೆನಪಾಗುತ್ತಾರೆ, ನನ್ನ ಸರದಿಯೂ ನೆನಪಾಗುತ್ತದೆ. ಇಗರ್ಜಿಯಿಂದ ಮನೆ ತಲುಪುವವರೆಗೆ ನಾನು ನಿಜಕ್ಕೂ ಒಳ್ಳೆಯ ಮನುಷ್ಯನಾಗಿರುತ್ತೇನೆ. ಮನೆಯ ಗೇಟಿನ ಹತ್ತಿರ ಮೀನು ಮಾರುವ ಗಿರಿಜಕ್ಕನ ಬುಟ್ಟಿ ಕಾಣಿಸುತ್ತದೆ.

ತಪಸ್ಸುಕಾಲದಲ್ಲಿ ನಾನು ಮಾಂಸ ಮುಟ್ಟುವುದಿಲ್ಲ. ಆದರೆ ಮೀನನ್ನು ಮಾಂಸವೆಂದು ನಮ್ಮ ಕರಾವಳಿಯಲ್ಲಿ ಯಾರು ಒಪ್ಪುತ್ತಾರೆ? ಕೋಳಿ ಬಿಟ್ಟ ದುಃಖವನ್ನು ಕಾಣೆ ಮೀನಿನ ಫ್ರೈ ಮರೆಸುತ್ತದೆ, ಕಾಣೆ ಮುಗಿದ ದುಃಖವನ್ನು ಬಂಗುಡೆ ಸಾರು. ಹೀಗೆ ನಲವತ್ತು ದಿನ ದುಃಖಪಟ್ಟು ನಾನು ಈಸ್ಟರ್ ಹೊತ್ತಿಗೆ ದಪ್ಪಗಾಗಿರುತ್ತೇನೆ. “ಮಾಸ್ಟ್ರೆ, ನಿಮ್ಗೆ ಉಪಾಸ ಬಂದ್ರೆ ನಮ್ಗೆ ಹಬ್ಬ ಕಾಣಿ” ಎಂದು ಗಿರಿಜಕ್ಕ ಪ್ರತಿವರ್ಷ ಹೇಳುತ್ತಾಳೆ. ನನ್ನ ಹೆಂಡತಿ ಸಿಸಿಲಿ ಮಾತ್ರ ಮಾಂಸವನ್ನೂ ಬಿಡುತ್ತಾಳೆ, ಮೀನನ್ನೂ ಬಿಡುತ್ತಾಳೆ. ತಾನು ತಿನ್ನದ ಮೀನನ್ನು ನನಗೆ ಹುರಿದು ಬಡಿಸುವುದನ್ನು ಬಿಟ್ಟಿಲ್ಲ.

ಮೊಬೈಲ್ ಫೋನು ನಮ್ಮೂರಿಗೆ ಆಗಷ್ಟೇ ಬಂದಿದ್ದ ಒಂದು ವರ್ಷ, ನಮ್ಮ ಕೇರಿಯ ಕ್ರೈಸ್ತ ಮನೆಗಳ ಮುಖ್ಯಸ್ಥರಾದ ಗುರ್ಕಾರರು ಮನೆಗೆ ಬಂದರು. ಈಸ್ಟರಿಗೆ ಮೂರು ದಿನ ಮೊದಲಿನ ಪವಿತ್ರ ಗುರುವಾರ ಪಾದ ತೊಳೆಸಿಕೊಳ್ಳುವ ಹನ್ನೆರಡು ಮಂದಿಯಲ್ಲಿ ನಾನೂ ಒಬ್ಬನಂತೆ. ಯೇಸು ಸಾಯುವ ಮುನ್ನಾದಿನ ತನ್ನ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಪಾದ್ರಿಗಳು ಊರಿನ ಹನ್ನೆರಡು ಗಂಡಸರ ಕಾಲು ತೊಳೆಯುತ್ತಾರೆ. ಹೆಂಗಸರಿಗೆ ಆಗ ಅದರಲ್ಲಿ ಜಾಗವಿರಲಿಲ್ಲ. ದೊಡ್ಡವನು ಸಣ್ಣವರ ಮುಂದೆ ಬಾಗಬೇಕು ಎಂಬುದು ಅದರ ಪಾಠ. ನನಗೆ ಹೊಳೆದದ್ದು ಪಾಠವಲ್ಲ. ಇಡೀ ಊರಿನ ಮುಂದೆ ನನ್ನ ಪಾದ ಬಯಲಾಗುತ್ತದಲ್ಲ ಎಂಬ ಗಾಬರಿ. ಬರಿಗಾಲಲ್ಲಿ ತೋಟ ಸುತ್ತಿ ಹಿಮ್ಮಡಿ ಬಿರಿದಿತ್ತು. ಉಗುರಿನ ಸುದ್ದಿ ಬೇಡ.

ಗುರುವಾರ ಮಧ್ಯಾಹ್ನ ಬಚ್ಚಲಲ್ಲಿ ಕೂತು ಬಗ್ಗಿ ನೋಡಿದೆ. ಕೈ ಮೊಣಕಾಲಿನವರೆಗೆ ಹೋಯಿತು, ಉಸಿರು ಅದಕ್ಕಿಂತ ಮೊದಲೇ ಹೋಯಿತು. ಸಿಸಿಲಿ ಬಂದು ನೋಡಿದಳು. ನಮ್ಮ ಮನೆಮಾತು ಕೊಂಕಣಿಯಾದರೂ ಬೈಯುವ ಹೊತ್ತಿಗೆ ಅವಳಿಗೆ ಕುಂದಾಪುರದ ಕನ್ನಡವೇ ಬೇಕು. “ಹ್ವಾಯ್, ಎಂತ ಮಾಡ್ತ್ರಿ? ಬಗ್ಗೂಕ್ ಆತ್ತಿಲ್ಲೆ ಅಂತ ಗೊತ್ತಿಲ್ಯಾ? ಬನ್ನಿ ಹೊರ್ಗೆ” ಎಂದು ನನ್ನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿದಳು. ಉಪವಾಸದ ಹೊಟ್ಟೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಬಿಸಿನೀರು ಹೊಯ್ದು, ತೆಂಗಿನ ನಾರಿನಿಂದ ನನ್ನ ಎರಡೂ ಕಾಲನ್ನು ತಿಕ್ಕಿದಳು. ಉಗುರು ತೆಗೆದಳು. ಒಡಕಿಗೆ ಕೊಬ್ಬರಿ ಎಣ್ಣೆ ತುಂಬಿದಳು.

“ಪಾದ್ರಿಗಳ್ ತೊಳೂದಲ್ದಾ? ನೀವ್ ತೊಳ್ಕಂಡ್ ಹೋದ್ರೆ ಅವ್ರಿಗೆ ಎಂತ ಕೆಲ್ಸ?” ಎಂದಳು.

ಕಲ್ಲಿನ ಮೇಲಿಂದ ನೋಡುವಾಗ ಅವಳ ಪಾದ ಕಾಣಿಸಿತು. ನನ್ನದಕ್ಕಿಂತ ಆಳವಾದ ಒಡಕು, ಒಂದು ಕಡೆ ರಕ್ತ ಒಣಗಿದ ಗೆರೆ. ಅಷ್ಟು ವರ್ಷ ಒಂದೇ ಮನೆಯಲ್ಲಿ ಅವಳ ಜೊತೆ ಇದ್ದು ಆ ಪಾದವನ್ನು ನಾನು ನೋಡಿಯೇ ಇರಲಿಲ್ಲ. ನನಗೆ ನಾಚಿಕೆಯಾಯಿತು.

ಸಂಜೆ ಇಗರ್ಜಿಯಲ್ಲಿ ಹನ್ನೆರಡು ಮಂದಿ ಸಾಲಾಗಿ ಕೂತೆವು. ಬಗ್ಗದೆ ಕಡೆಗಣ್ಣಲ್ಲಿ ನೋಡಿದರೆ ಎಲ್ಲರ ಕಾಲೂ ಹೊಳೆಯುತ್ತಿತ್ತು. ಊರಿನ ಹನ್ನೆರಡು ಮನೆಗಳಲ್ಲಿ ಆ ಮಧ್ಯಾಹ್ನ ಏನು ನಡೆದಿದೆ ಎಂಬುದು ತಿಳಿಯಿತು. ಪಾದ್ರಿಗಳು ವಯಸ್ಸಾದವರು. ನನ್ನ ಮುಂದೆ ಕಷ್ಟಪಟ್ಟು ಮಂಡಿಯೂರಿ, ನೀರು ಹೊಯ್ದು, ಒರೆಸಿ, ಪಾದಕ್ಕೆ ಮುತ್ತಿಟ್ಟರು. ಬಲಗಾಲಿಗೆ ಮಾತ್ರ. ಎಡಗಾಲಿಗೆ ಮಾಡಿದ ಶೃಂಗಾರವೆಲ್ಲ ನೀರುಪಾಲು. ಹಾಡು ಕೇಳುತ್ತಿತ್ತು, ಹೆಂಗಸರ ಬೆಂಚಿನಲ್ಲಿ ಸಿಸಿಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಯೇಸುವಿನ ಪಾಡು ನೆನೆದು ಅತ್ತಿರಬೇಕು. ನನಗೆ ಮಾತ್ರ ಒಗೆಯುವ ಕಲ್ಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತವಳೇ ಕಣ್ಣಮುಂದೆ ಬಂದಳು. ಅವಳು ತೊಳೆಯುವಾಗ ಯಾರೂ ಹಾಡಿರಲಿಲ್ಲ.

ಮನೆಗೆ ಬಂದು ಅವಳು ಜಗಲಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಳು. ನಾನು ಬಾಲ್ದಿ, ಚೆಂಬು, ಟವೆಲು ತಂದು ಕೆಳಗಿನ ಮೆಟ್ಟಿಲಲ್ಲಿ ಹೇಗೋ ಕೂತೆ.

“ಎಂತದ್ ಇದು? ಕುರ್ಚಿ ಮೇಲ್ ಕೂಕಣಿ.”

“ಸುಮ್ಮನಿರು” ಎಂದು ಅವಳ ಬಲಗಾಲಿಗೆ ನೀರು ಹೊಯ್ದೆ. ಅವಳು ಕಾಲು ಎಳೆದುಕೊಳ್ಳಲು ನೋಡಿ, ಆಮೇಲೆ ಬಿಟ್ಟಳು. ಒರೆಸಿ ಟವೆಲು ಮಡಿಸುತ್ತಿದ್ದಾಗ ಕೇಳಿದಳು, “ಇನ್ನೊಂದ್ ಕಾಲು?”

“ಪಾದ್ರಿಗಳು ಒಂದೇ ಕಾಲು ತೊಳೆದದ್ದು.”

“ಪಾದ್ರಿಗಳಿಗೆ ಹೆಣ್ತಿ ಇಲ್ಲೆ. ಅದೂ ತೊಳಿಕ್.”

ಅದನ್ನೂ ತೊಳೆದೆ. ತೊಳೆದು ಮುಗಿಸಿ ಏಳಲು ಹೋದರೆ ಏಳಲಾಗಲಿಲ್ಲ. ನಲವತ್ತು ದಿನದ ಕಾಣೆ, ಬಂಗುಡೆಗಳೆಲ್ಲ ಒಟ್ಟಾಗಿ ನನ್ನನ್ನು ಮೆಟ್ಟಿಲಿಗೆ ಒತ್ತಿ ಹಿಡಿದಿದ್ದವು. ಅವಳು ನಗುತ್ತ ಕೆಳಗಿಳಿದು, ಎರಡೂ ಕೈ ಹಿಡಿದು, ನಾನು ಚೆಲ್ಲಿದ ನೀರಿಂದಲೇ ಕೆಸರಾಗಿದ್ದ ಅಂಗಳದಲ್ಲಿ ಕಾಲೂರಿ ನನ್ನನ್ನು ಮೆಟ್ಟಿಲ ಮೇಲೆಯೇ ಎತ್ತಿ ನಿಲ್ಲಿಸಿದಳು. ನೋಡಿದರೆ ಅವಳ ಪಾದ ಕಣಕಾಲಿನವರೆಗೆ ಕೆಸರು. ನಾನು ಮತ್ತೆ ಚೆಂಬಿಗೆ ಕೈ ಹಾಕಿದೆ.

“ಬ್ಯಾಡ ಮರಾಯ್ರೆ, ನಾನೇ ತೊಳ್ಕಂತೆ” ಎಂದು ಅವಳು ಬಾವಿಕಟ್ಟೆಯ ಕಡೆಗೆ ನಡೆದಳು. ನನ್ನ ಕಾಲು ಮಾತ್ರ ಇನ್ನೂ ಶುಚಿಯಾಗಿಯೇ ಇತ್ತು.